ಹಿಂದಿನ ಸೀಟಿನಿಂದ ಕಾಣುವುದು

ಕಳೆದ ಡಿಸೆಂಬರಿನಲ್ಲಿ ಶಿವಮೊಗ್ಗದಿಂದ ಹೊರಟು ಸಾಗರ, ಜೋಗ ದಾಟಿ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರದವರೆಗೆ ಹೋಗಿಬಂದೆವು. ನಾನು, ನನ್ನ ಗಂಡ, ಐದು ವರ್ಷದ ಮಗಳು. ಕಾರು ಭಾವನದ್ದು, ಗುಡಾರ ಗೆಳತಿಯದ್ದು, ನಾಲ್ಕು ದಿನದ ರಜೆ ಮಾತ್ರ ನಮ್ಮದು. ಪ್ರವಾಸ ಕಥನಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವಳಿಗೆ ಸುಮ್ಮನೆ ಪ್ರವಾಸ ಮಾಡಲು ಬರುವುದಿಲ್ಲ. ಮಗಳು ಮಲಗಿದ ಮೇಲೆ ಟಾರ್ಚ್ ಹಿಡಿದು ಬರೆಯುತ್ತಿದ್ದೆ. ಮನೆಗೆ ಬಂದು ಓದಿದರೆ ಹನ್ನೊಂದು ಪುಟಗಳಲ್ಲಿ ಮಗಳು ಎರಡೇ ಕಡೆ ಇದ್ದಳು: ಘಾಟಿಯಲ್ಲಿ ವಾಂತಿ ಮಾಡಿಕೊಂಡಾಗ ಒಮ್ಮೆ, ಕೊನೆಗೂ ನಿದ್ದೆ ಹೋದಾಗ ಇನ್ನೊಮ್ಮೆ. ಉಳಿದದ್ದೆಲ್ಲ ಮಂಜು, ಅಡಿಕೆ ತೋಟ, ಶರಾವತಿಯ ಹಿನ್ನೀರು, ಮುಳುಗಡೆಯ ಬಗ್ಗೆ ನನ್ನ ಚಿಂತನೆ. ಮಗಳು ಬಂದದ್ದು ಬರವಣಿಗೆಗೆ ಅಡ್ಡಿಯಾಗಿ, ಇಲ್ಲವೇ ಅಡ್ಡಿ ಕಳೆದ ನೆಮ್ಮದಿಯಾಗಿ.

ಆ ಮುಜುಗರದಲ್ಲೇ ರಾಬರ್ಟ್ ಪಿರ್ಸಿಗ್‌ನ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್' ಪುಸ್ತಕವನ್ನು ಮತ್ತೆ ತೆಗೆದೆ. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ಪುಸ್ತಕ ಅದು. 1974ರಲ್ಲಿ ಬಂದದ್ದು. 1968ರ ಬೇಸಿಗೆಯಲ್ಲಿ ಅಪ್ಪನೊಬ್ಬ ಹನ್ನೊಂದು ವರ್ಷದ ಮಗ ಕ್ರಿಸ್‌ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಿನೆಸೋಟಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಾನೆ. ಅರ್ಧ ದಾರಿಯವರೆಗೆ ಇನ್ನೊಂದು ಬೈಕಿನಲ್ಲಿ ಗೆಳೆಯ ದಂಪತಿ ಇರುತ್ತಾರೆ. ಆಗ ನಾವೆಲ್ಲ ಅದನ್ನು ತತ್ವಶಾಸ್ತ್ರದ ಪುಸ್ತಕವೆಂದು ಓದಿದ್ದೆವು. 'ಗುಣ' ಎಂದರೇನು, ವೈಚಾರಿಕತೆಗೂ ಅನುಭವಕ್ಕೂ ಇರುವ ಬಿರುಕು ಎಲ್ಲಿಂದ ಬಂತು ಎಂದು ರಾತ್ರಿಯಿಡೀ ಜಗಳವಾಡಿದ್ದೆವು. ಕ್ರಿಸ್ ಬರುವ ಪುಟಗಳನ್ನು ನಾನಂತೂ ಬೇಗಬೇಗ ದಾಟಿದ್ದೆ.

ಈ ಸಲ ಉಲ್ಟಾ ಓದಿದೆ. ಕ್ರಿಸ್ ಎಲ್ಲಿದ್ದಾನೆ ಎಂದಷ್ಟೇ ಹುಡುಕುತ್ತ ಹೋದೆ. ಆಗ ಕಂಡ ಪುಸ್ತಕವೇ ಬೇರೆ.

ಮೊದಲು ತಟ್ಟಿದ್ದು ಇದು: ದಾರಿಯುದ್ದಕ್ಕೂ ನಿರೂಪಕ ಒಂದು ದೀರ್ಘ ಉಪನ್ಯಾಸ ಕೊಡುತ್ತಾನೆ. ಯಂತ್ರವನ್ನು ಹೇಗೆ ನೋಡಬೇಕು, ಗ್ರೀಕರು ಎಲ್ಲಿ ಎಡವಿದರು, ಕಾಂಟ್ ಏನು ಹೇಳಿದ, ಎಲ್ಲವನ್ನೂ. ಹೇಳುವುದು ನಮಗೆ. ಬೆನ್ನ ಹಿಂದೆ ಒಂದಡಿ ದೂರದಲ್ಲಿ ಕೂತಿರುವ ಹುಡುಗನಿಗೆ ಅದರಲ್ಲಿ ಒಂದು ಮಾತೂ ತಲುಪುವುದಿಲ್ಲ. ಬೈಕಿನ ಗಾಳಿಯಲ್ಲಿ ಮಾತು ಕೇಳಿಸದು ಎಂಬುದು ನಿಜವೇ. ಆದರೆ ಬೈಕು ನಿಂತ ಮೇಲೂ ಅಪ್ಪ ಹೆಚ್ಚು ಮಾತಾಡುವವನಲ್ಲ. ಮಗನೊಂದಿಗೆ ಓದಲೆಂದು ಥೋರೋನ 'ವಾಲ್ಡನ್' ತಂದಿದ್ದಾನೆ, ಒಂದೊಂದೇ ವಾಕ್ಯ ಓದಿ ಚರ್ಚಿಸುವುದು ಅವನ ಪದ್ಧತಿ. ನನ್ನ ಮಗಳಿಗೆ ಯಾರಾದರೂ ಹಾಗೆ ಮಾಡಿದರೆ ಗುಡಾರದಿಂದ ಓಡಿಹೋಗುತ್ತಾಳೆ!

ಡಕೋಟಾ ಬಯಲಿನಲ್ಲಿ ಬಯಲಲ್ಲೇ ತಂಗುವ ಒಂದು ರಾತ್ರಿ ಇದೆ. ಗುಡಾರಗಳಲ್ಲಿ ಮಲಗಿದ ಅನುಭವವನ್ನು ಇಷ್ಟು ಸುಳ್ಳಿಲ್ಲದೆ ಬರೆದವರು ಕಡಿಮೆ. ಎಲ್ಲರಿಗೂ ಸುಸ್ತು, ಸೊಳ್ಳೆ, ಅಡುಗೆ ನೆಟ್ಟಗಾಗುವುದಿಲ್ಲ, ದೊಡ್ಡವರು ಸಿಡುಕುತ್ತಾರೆ. ಕ್ರಿಸ್ ಊಟ ಬೇಡವೆಂದು ಮುಖ ಊದಿಸಿಕೊಳ್ಳುತ್ತಾನೆ. ಹೊಟ್ಟೆನೋವು ಅನ್ನುತ್ತಾನೆ. ಅವನು ಕತ್ತಲಲ್ಲಿ ಒಬ್ಬನೇ ನಡೆದುಹೋದಾಗ ಅಪ್ಪ ಗೆಳೆಯರಿಗೆ ಹೇಳುತ್ತಾನೆ: ಈ ನೋವಿಗೆ ವೈದ್ಯರಿಗೆ ಕಾರಣ ಸಿಕ್ಕಿಲ್ಲ, ಇದು ಮಾನಸಿಕ ಕಾಯಿಲೆಯ ಆರಂಭದ ಲಕ್ಷಣ ಎಂದಿದ್ದಾರೆ. ಮಗನನ್ನು ಮನೋವೈದ್ಯರಿಗೆ ಒಪ್ಪಿಸಲು ಅವನಿಗೆ ಮನಸ್ಸಿಲ್ಲ, ಅವರು ತನ್ನವರಲ್ಲ ಎಂಬುದು ಅವನ ಕಾರಣ. ಅವನೇ ಒಂದು ಕಾಲಕ್ಕೆ ಆಸ್ಪತ್ರೆಯಲ್ಲಿ ವಿದ್ಯುತ್ ಆಘಾತ ಚಿಕಿತ್ಸೆಗೆ ಒಳಗಾದವನು, ಹಳೆಯ ತನ್ನನ್ನೇ ಕಳೆದುಕೊಂಡವನು ಎಂಬುದು ನಮಗೆ ನಿಧಾನವಾಗಿ ತಿಳಿಯುತ್ತದೆ. ಇಡೀ ಪುಸ್ತಕದ ಗುಟ್ಟು ಆ ಹುಡುಗನ ಹೊಟ್ಟೆಯಲ್ಲಿದೆ, ಅಪ್ಪನ ತಲೆಯಲ್ಲಲ್ಲ. ಹಠ, ಹಸಿವು, ಬೇಸರ, ಹೊಟ್ಟೆನೋವು ಇವು ಕ್ರಿಸ್‌ನ ವಿಮರ್ಶೆ. ಅಪ್ಪನ ಸಿದ್ಧಾಂತಕ್ಕೆ ಅಷ್ಟು ನೇರವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಪ್ರೀತಿ ಇಲ್ಲವೆಂದಲ್ಲ. ಅಮ್ಮನಿಗೆ ಕಾಗದ ಬರೆಯಲು ಕೂತ ಕ್ರಿಸ್‌ಗೆ ಏನೂ ತೋಚದಿದ್ದಾಗ ಅಪ್ಪ ಹೇಳಿಕೊಡುವ ಉಪಾಯ ಸೊಗಸಾಗಿದೆ: ಹೇಳಬೇಕಾದ್ದನ್ನೆಲ್ಲ ಮೊದಲು ಹೇಗೆ ನೆನಪಾಗುತ್ತದೋ ಹಾಗೆ ಪಟ್ಟಿ ಮಾಡು, ಕ್ರಮವನ್ನು ಆಮೇಲೆ ನೋಡೋಣ. (ಪ್ರಬಂಧದ ಮೂರನೇ ಅಧ್ಯಾಯ ಮುಂದೆ ಹೋಗದೆ ಕೂತಿದ್ದ ನನಗೂ ಇದು ನೆರವಾಯಿತು.) ಆದರೆ ಆ ಕಾಗದದಲ್ಲಿ ಕ್ರಿಸ್ ಏನು ಬರೆದ? ಅದು ಪುಸ್ತಕದಲ್ಲಿಲ್ಲ. ಅದೊಂದು ಕಾಗದ ಸಿಕ್ಕಿದ್ದರೆ ಅದೇ ಪ್ರವಾಸದ ಎರಡನೆಯ ಕಥನ ನಮ್ಮ ಕೈಯಲ್ಲಿರುತ್ತಿತ್ತು.

ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ತಂದೆ ಮಗ ಹೆಲ್ಮೆಟ್ ತೆಗೆದು ಹೊರಡುತ್ತಾರೆ. ಕ್ರಿಸ್ ಹಿಂದಿನ ಕಾಲೊತ್ತುಗಳ ಮೇಲೆ ಎದ್ದುನಿಂತು ಅಪ್ಪನ ಭುಜದ ಮೇಲಿಂದ ರಸ್ತೆ ನೋಡುತ್ತಾನೆ. ಈಗ ಎಲ್ಲ ಕಾಣುತ್ತಿದೆ ಅನ್ನುತ್ತಾನೆ. ಅಂದರೆ ಅರ್ಧ ಅಮೆರಿಕ ದಾಟುವಷ್ಟು ಹೊತ್ತೂ ಅವನಿಗೆ ಮುಖ್ಯವಾಗಿ ಕಂಡದ್ದು ಅಪ್ಪನ ಬೆನ್ನು. ಮೊದಲ ಅಧ್ಯಾಯಗಳಲ್ಲಿ ನಾವು ಮೆಚ್ಚಿದ ಜೌಗುನೆಲ, ಹಕ್ಕಿ, ಹುಲ್ಲುಗಾವಲು ಯಾವುದೂ ಅವನ ಪಾಲಿಗೆ ಹಾಗೆ ಇರಲಿಲ್ಲ. ಈ ಒಂದು ಸಂಗತಿ ಹಿಂದಿನ ಪುಟಗಳನ್ನೆಲ್ಲ ಮತ್ತೆ ಓದಿಸುತ್ತದೆ. ಪಿರ್ಸಿಗ್ ದೊಡ್ಡ ಲೇಖಕ ಅನ್ನಿಸುವುದು ನನಗೆ ಇಲ್ಲಿ, ಗ್ರೀಕರ ಕುರಿತ ಅಧ್ಯಾಯಗಳಲ್ಲಲ್ಲ.

1979ರಲ್ಲಿ ಕ್ರಿಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊಲೆಯಾದ. ಆಗ ಅವನಿಗೆ ಇಪ್ಪತ್ತೆರಡು. 1984ರ ಆವೃತ್ತಿಗೆ ಬರೆದ ಹಿನ್ನುಡಿಯಲ್ಲಿ ಪಿರ್ಸಿಗ್ ಅದರ ಬಗ್ಗೆ ಹೇಳಿದ್ದಾನೆ. ಆ ಸಾವಿನಿಂದ ಪುಸ್ತಕಕ್ಕೆ ಹೆಚ್ಚಿನ ಘನತೆ ಬಂತು ಎನ್ನುವ ಓದು ನನಗೆ ಒಪ್ಪಿಗೆಯಿಲ್ಲ. ಹೊಟ್ಟೆನೋವಿನ ಆ ರಾತ್ರಿಯನ್ನು ಈಗ ಓದುವುದು ಕಷ್ಟ, ಅಷ್ಟೇ.

ಕನ್ನಡದಲ್ಲಿ ಹೀಗೆ ಮಗುವನ್ನು ಕರೆದುಕೊಂಡು ಹೋದ ಕಥನ ಯಾವುದಿದೆ? ಗೋಕಾಕರ 'ಸಮುದ್ರದಾಚೆಯಿಂದ', ಕಾರಂತರ 'ಅಪೂರ್ವ ಪಶ್ಚಿಮ', ತೇಜಸ್ವಿಯವರ 'ಅಲೆಮಾರಿಯ ಅಂಡಮಾನ್' ಎಂದು ನಮ್ಮ ಪ್ರವಾಸ ಸಾಹಿತ್ಯದ ಹೆದ್ದಾರಿ ಸಾಗುತ್ತದೆ. ಅಲ್ಲಿ ನಡೆಯುವವನು ಬಹುಮಟ್ಟಿಗೆ ವಯಸ್ಕ, ಗಂಡಸು, ಒಂಟಿ ಅಥವಾ ಗೆಳೆಯರ ಜೊತೆ. ಮಗುವಿನೊಂದಿಗೆ ಹೋಗುವುದು ಪ್ರವಾಸವಲ್ಲ, 'ಟೂರು'. ಅದಕ್ಕೆ ಆಲ್ಬಮ್ ಸಾಕು, ಪುಸ್ತಕ ಬೇಡ ಎಂಬ ಅಲಿಖಿತ ನಿಯಮ ನಮ್ಮಲ್ಲಿದ್ದಂತಿದೆ. ನನ್ನ ಹನ್ನೊಂದು ಪುಟ ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದವು.

ವಲೇರಿಯಾ ಲುಯಿಸೆಲ್ಲಿಯ 2019ರ ಕಾದಂಬರಿ 'ಲಾಸ್ಟ್ ಚಿಲ್ಡ್ರನ್ ಆರ್ಕೈವ್' ಈ ನಿಯಮವನ್ನು ಮುರಿಯಲು ಹೊರಟದ್ದು. ನ್ಯೂಯಾರ್ಕಿನಿಂದ ಅರಿಜೋನಾಕ್ಕೆ ಕಾರಿನಲ್ಲಿ ಹೊರಟ ಕುಟುಂಬ, ಹಿಂದಿನ ಸೀಟಿನಲ್ಲಿ ಹತ್ತು ವರ್ಷದ ಹುಡುಗ, ಐದರ ಹುಡುಗಿ. ಗಂಡಹೆಂಡಿರ ನಡುವೆ ಬಿರುಕು, ರೇಡಿಯೋದಲ್ಲಿ ಗಡಿ ದಾಟಿ ಬಂದ ಒಂಟಿ ಮಕ್ಕಳ ಸುದ್ದಿ. ಅರ್ಧ ದಾಟಿದ ಮೇಲೆ ತಾಯಿಯ ನಿರೂಪಣೆ ನಿಂತು ಹುಡುಗ ಹೇಳಲು ಶುರುಮಾಡುತ್ತಾನೆ, ತಂಗಿಗಾಗಿ. ಆ ತಿರುವಿನಲ್ಲಿ ನನಗೆ ಮೈ ಜುಮ್ಮೆಂದಿತು. ಆದರೆ ಸ್ವಲ್ಪ ಹೊತ್ತಿಗೇ ಅನುಮಾನ. ಅವನ ವಾಕ್ಯಗಳಲ್ಲಿ ಅಮ್ಮನ ಓದು, ಅಮ್ಮನ ಲಯ ಕೇಳಿಸುತ್ತದೆ. ಭುಜದ ಮೇಲಿಂದ ನೋಡಲು ಬಿಟ್ಟ ಲೇಖಕಿ ಕಣ್ಣನ್ನೂ ತಾನೇ ಕೊಟ್ಟಂತಾಯಿತು. ಐದರ ಹುಡುಗಿಗಂತೂ ಕೊನೆಯವರೆಗೆ ತನ್ನದೊಂದು ಭಾಗ ಸಿಗುವುದಿಲ್ಲ. ನನ್ನ ಮಗಳ ವಯಸ್ಸಿನವಳಾದ್ದರಿಂದ ನಾನು ಕಾದಿದ್ದೆ.

ಹಾಗಾದರೆ ಐದು ವರ್ಷದವಳು ಏನು ನೋಡುತ್ತಾಳೆ? ಮಗಳನ್ನೇ ಕೇಳಿದೆ, ಪ್ರವಾಸದಲ್ಲಿ ಏನೇನಿತ್ತು ಅಂತ. ಕ್ರಿಸ್‌ಗೆ ಹೇಳಿಕೊಟ್ಟ ಉಪಾಯದಂತೆ ಅವಳು ಹೇಳಿದ ಕ್ರಮದಲ್ಲೇ ಬರೆದುಕೊಂಡೆ. ಅಪ್ಪನ ಸೀಟಿನ ಹಿಂದಿನ ಜೇಬು, ಅದರಲ್ಲಿ ಬಿದ್ದ ಬಿಸ್ಕತ್ತು. ಗುಡಾರ, ಅಂದರೆ ಜಿಪ್ ಇರುವ ಮನೆ. ರಾತ್ರಿ 'ಧೊಪ್' ಅಂದದ್ದು (ಅಡಿಕೆ ಸೋಗೆ ಬಿದ್ದ ಸದ್ದು, ನಾನು ಅದಕ್ಕೆ ಎಚ್ಚರಗೊಂಡಿರಲಿಲ್ಲ). ಆಮೇಲೆ ತಂತಿಗಳು. ತಂತಿಗಳನ್ನು ಅವಳು ಮೂರು ಸಲ ಹೇಳಿದಳು. ದೊಡ್ಡ ಕಬ್ಬಿಣದ ರಾಕ್ಷಸರು ಕೈ ಚಾಚಿ ತಂತಿ ಹಿಡಿದು ನಿಂತಿದ್ದರಂತೆ.

ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಾರಿಗೆ ಹೋಗಿ ಅವಳ ಜಾಗದಲ್ಲಿ, ಅವಳ ಎತ್ತರಕ್ಕೆ ಕುಗ್ಗಿ ಕೂತು ನೋಡಿದೆ. ಕಿಟಕಿಯಲ್ಲಿ ರಸ್ತೆ ಇಲ್ಲ, ಕಣಿವೆ ಇಲ್ಲ, ಹಿನ್ನೀರೂ ಇಲ್ಲ. ಮೇಲಿನ ಆಕಾಶ, ಮರದ ತುದಿ ಮಾತ್ರ. ಲಿಂಗನಮಕ್ಕಿಯಲ್ಲಿ 1964ರಲ್ಲಿ ಕಟ್ಟು ಮುಗಿದು ಊರುಗಳು ಮುಳುಗಿದ ಬಗ್ಗೆ ಮುಂದಿನ ಸೀಟಿನಲ್ಲಿ ಕೂತು ನಾನು ಮೂರು ಪುಟ ಯೋಚಿಸಿದ್ದೆ. ಆ ನೀರು ವಿದ್ಯುತ್ತಾಗಿ ನಮ್ಮ ತಲೆಯ ಮೇಲೆ ಹೋಗುತ್ತಿದ್ದುದನ್ನು ಹಿಂದಿನ ಸೀಟಿನವಳು ಕಂಬ ಕಂಬಕ್ಕೂ ನೋಡುತ್ತಿದ್ದಳು. ನನಗೆ ಎರಡು ಸಲ ಕರೆದು ತೋರಿಸಿದ್ದಳಂತೆ. "ಹೂಂ" ಅಂದೆನಂತೆ.