ನೆಲ್ಸನ್ ಗತ್ತು, ವಾರ್ಡಿನ ಗರಜು

ಮಕ್ಕಳ ವಿಭಾಗದಲ್ಲಿ ಎಂ.ಡಿ. ಇಲ್ಲವೆ ಡಿಎನ್‌ಬಿ ಸೀಟು ಹಿಡಿದು ಬಂದ ಪಿಜಿಗಳ ಕಿವಿಗೆ ಮೊದಲ ವಾರವೇ ಬೀಳುವ ಉಪದೇಶ ಒಂದೇ: ನೆಲ್ಸನ್ ಓದಿ. ‘ನೆಲ್ಸನ್ ಟೆಕ್ಸ್ಟ್‌ಬುಕ್ ಆಫ್ ಪೀಡಿಯಾಟ್ರಿಕ್ಸ್’ ಎರಡು ಸಂಪುಟಗಳ, 4,000ಕ್ಕೂ ಹೆಚ್ಚು ಪುಟಗಳ ಗ್ರಂಥ. 3 ವರ್ಷದ ತರಬೇತಿಯಲ್ಲಿ ಒಂದು ದಿನವೂ ತಪ್ಪಿಸದೆ ದಿನಕ್ಕೆ 4 ಪುಟದಂತೆ ಓದಿದರೆ ಮುಗಿದೀತು. ನೈಟ್ ಡ್ಯೂಟಿ, ಒಪಿಡಿ, ಥೀಸಿಸ್‌ಗಳ ನಡುವೆ ಹಾಗೆ ಓದಿ ಮುಗಿಸುವುದು ಯಾರಿಗೆ ಸಾಧ್ಯ? ಆದರೂ ಸೀನಿಯರುಗಳು ಜೂನಿಯರುಗಳಿಗೆ ಅದೇ ಮಾತನ್ನು ದಾಟಿಸುತ್ತ ಬಂದಿದ್ದಾರೆ. ಈ ಪುಸ್ತಕದ ಕೀರ್ತಿ ಅದರ ಉಪಯೋಗವನ್ನು ಮೀರಿ ಬೆಳೆದಿದೆ. ಅದರ ಮರೆಯಲ್ಲಿ ಪಿಜಿಗೆ ನಿಜಕ್ಕೂ ಬೇಕಾದ ಇನ್ನೊಂದು ಪುಸ್ತಕ ಮೂಲೆ ಸೇರಿದೆ.

ಫಿಲಡೆಲ್ಫಿಯಾದ ವಾಲ್ಡೊ ನೆಲ್ಸನ್ ಬೆಳೆಸಿದ ಈ ಗ್ರಂಥದ ಪಾಂಡಿತ್ಯದ ಬಗ್ಗೆ ತಕರಾರಿಲ್ಲ. ಅಪರೂಪದ ಚಯಾಪಚಯ ದೋಷವೋ, ರೋಗನಿರೋಧಕ ಶಕ್ತಿಯ ಹುಟ್ಟುಕೊರತೆಯೋ ಎದುರಾದಾಗ ಮೊದಲು ತೆರೆಯಬೇಕಾದದ್ದು ಅದನ್ನೇ. ತೊಂದರೆ ಇರುವುದು ಅದರ ವಿನ್ಯಾಸದಲ್ಲಿ. ಹೆಚ್ಚಿನ ಭಾಗ ಅಂಗಾಂಗಗಳ, ರೋಗಗಳ ಹೆಸರಿನ ಕ್ರಮದಲ್ಲಿ ಸಾಗುತ್ತದೆ. ರೋಗದ ಹೆಸರು ಆಗಲೇ ಗೊತ್ತಿದ್ದವರಿಗೆ ಅನುಕೂಲ. ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಗೆ ಬರುವ ಮಗು ಏದುಸಿರು, ಭೇದಿ, ಫಿಟ್ಸ್ ಹೊತ್ತು ಬರುತ್ತದೆ, ಹೆಸರನ್ನಲ್ಲ. ರೋಗಲಕ್ಷಣದಿಂದ ಹೊರಡುವ ಇನ್ನೊಂದು ಪುಸ್ತಕವನ್ನು ನೆಲ್ಸನ್ ಹೆಸರಿನಲ್ಲೇ ಬೇರೆಯಾಗಿ ತರಬೇಕಾಗಿ ಬಂದದ್ದು ಈ ಕೊರತೆಗೆ ಸಾಕ್ಷಿ.

ಮೂಲೆ ಸೇರಿದ ಪುಸ್ತಕ ವಿಶ್ವ ಆರೋಗ್ಯ ಸಂಸ್ಥೆಯ ‘ಪಾಕೆಟ್ ಬುಕ್ ಆಫ್ ಹಾಸ್ಪಿಟಲ್ ಕೇರ್ ಫಾರ್ ಚಿಲ್ಡ್ರನ್’. 2005ರಲ್ಲಿ ಬಂತು, 2013ರಲ್ಲಿ ಪರಿಷ್ಕೃತವಾಯಿತು. ಏಪ್ರನ್ ಜೇಬಿಗೆ ಹಿಡಿಸುತ್ತದೆ, ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಕೆಮ್ಮು ಮತ್ತು ಉಸಿರಾಟದ ತೊಂದರೆ, ಭೇದಿ, ಜ್ವರ, ತೀವ್ರ ಅಪೌಷ್ಟಿಕತೆ ಎಂದು ಮಗು ಬರುವ ರೀತಿಯಲ್ಲೇ ಅಧ್ಯಾಯಗಳಿವೆ. ದೊಡ್ಡ ಆಸ್ಪತ್ರೆಗಳವರು ಇದನ್ನು ಸಣ್ಣ ಊರಿನ ಡಾಕ್ಟರುಗಳ ಪುಸ್ತಕವೆಂದು ಬದಿಗಿಡುತ್ತಾರೆ.

ಈ ತಾತ್ಸಾರ ಎಷ್ಟು ಅನ್ಯಾಯದ್ದು ಎಂದು ತಿಳಿಯಲು ಅದರ ಒಂದು ಚಾರ್ಟ್ ಸಾಕು: ತೀವ್ರ ಅಪೌಷ್ಟಿಕತೆ ಇರುವ ಮಗು ಶಾಕ್‌ಗೆ ಜಾರಿದಾಗ ಡ್ರಿಪ್ ಕೊಡುವ ಕ್ರಮ. ರಾಯಚೂರು, ಯಾದಗಿರಿ ಕಡೆಯ ವಾರ್ಡುಗಳಲ್ಲಿ ಇಂಥ ಮಗು ಅಪರೂಪವಲ್ಲ. ಒಂದೂವರೆ ವರ್ಷ, 6 ಕೆಜಿ ತೂಕ, ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಎಂದಿಟ್ಟುಕೊಳ್ಳೋಣ. ಭೇದಿಯಾಗಿ ಕೈಕಾಲು ತಣ್ಣಗಾಗಿವೆ, ಮಂಪರು ಕವಿದಿದೆ. ಚಿವುಟಿದ ಚರ್ಮ ಮಡಿಕೆಯಾಗಿಯೇ ನಿಲ್ಲುತ್ತದೆ, ಕಣ್ಣು ಗುಳಿ ಬಿದ್ದಿವೆ. ಆದರೆ ಕೊಬ್ಬು ಕರಗಿದ ಮೈಯಲ್ಲಿ ಈ ಎರಡು ಗುರುತುಗಳನ್ನು ನಂಬಿ ನೀರಿನ ಕೊರತೆ ಅಳೆಯುವಂತಿಲ್ಲ. ಹೃದಯ ಸೊರಗಿದೆ. ದೇಹದಲ್ಲಿ ಸೋಡಿಯಂ ಆಗಲೇ ಹೆಚ್ಚು, ಪೊಟ್ಯಾಸಿಯಂ ಕಡಿಮೆ. ಉಳಿದ ಮಕ್ಕಳಿಗೆ ಕೊಟ್ಟಂತೆ ಕೆಜಿಗೆ 20 ಮಿಲಿ ಸಲೈನ್ ಸರ್ರನೆ ಹರಿಸಿದರೆ ಆ ಹೃದಯ ತಡೆದುಕೊಳ್ಳದೆ ಹೋಗಬಹುದು.

ಚಾರ್ಟ್ ಹೇಳುವ ಲೆಕ್ಕ ಬೇರೆ: ಗ್ಲೂಕೋಸ್ ಸೇರಿದ ದ್ರವ, ಕೆಜಿಗೆ 15 ಮಿಲಿ, 1 ಗಂಟೆಯಲ್ಲಿ. ಈ ಮಗುವಿಗೆ 90 ಮಿಲಿ ಆಯಿತು. ಪ್ರಮಾಣವನ್ನು ಯಾವ ಪುಸ್ತಕವಾದರೂ ಹೇಳೀತು. ಚಾರ್ಟಿನ ಹೆಚ್ಚುಗಾರಿಕೆ ಮುಂದಿನ ಸಾಲುಗಳಲ್ಲಿದೆ. 5ರಿಂದ 10 ನಿಮಿಷಕ್ಕೊಮ್ಮೆ ನಾಡಿ, ಉಸಿರು ಎಣಿಸಬೇಕು. ಉಸಿರು ನಿಮಿಷಕ್ಕೆ 5ರಷ್ಟು ಅಥವಾ ನಾಡಿ 15ರಷ್ಟು ಏರಿ ಮಗು ಹದಗೆಟ್ಟರೆ ಡ್ರಿಪ್ ನಿಲ್ಲಿಸಬೇಕು. ಎರಡೂ ಇಳಿದರೆ ಇನ್ನೊಂದು ಗಂಟೆ ಅಷ್ಟೇ ದ್ರವ, ಆಮೇಲೆ ಬಾಯಿಂದ. ಸುಧಾರಿಸದಿದ್ದರೆ ಸೆಪ್ಟಿಕ್ ಶಾಕ್ ಎಂದು ತಿಳಿದು, ದ್ರವವನ್ನು ಕೆಜಿಗೆ ಗಂಟೆಗೆ 4 ಮಿಲಿಗೆ ಇಳಿಸಿ ರಕ್ತಕ್ಕೆ ಓಡಬೇಕು. ಮೊದಲ ಗಂಟೆಯ ಚಿಕಿತ್ಸೆಯೇ ಇಲ್ಲಿ ರೋಗಪತ್ತೆಯ ದಾರಿ. ತನ್ನ ಊಹೆ ತಪ್ಪಿರಬಹುದು, ತಪ್ಪಿದ್ದರೆ ಯಾವ ಗುರುತಿನಿಂದ ಗೊತ್ತಾಗುತ್ತದೆ, ಆಗ ಏನು ಮಾಡಬೇಕು ಎಂಬ ಮೂರನ್ನೂ ಒಂದೇ ಪುಟದಲ್ಲಿ ಕಲಿಸುವ ಬರವಣಿಗೆ ಇದು. ಮಂಚದ ಪಕ್ಕ ನಿಂತು ಎಣಿಸುವ ಕೆಲಸವನ್ನು ಅದು ಸಿಸ್ಟರ್ ಮೇಲಷ್ಟೇ ಹೊರಿಸದೆ ಪಿಜಿಯ ಕೈಗೂ ಕೊಡುತ್ತದೆ. ಮಹಾಗ್ರಂಥದ ಪ್ಯಾರಾಗಳಲ್ಲಿ ಈ ಶಿಸ್ತು ಕಾಣುವುದು ಕಷ್ಟ.

ಇದಕ್ಕೆ ಬರುವ ಆಕ್ಷೇಪ ಹಳೆಯದು: ‘ಇದೆಲ್ಲ ಸೌಕರ್ಯವಿಲ್ಲದ ಕಡೆಗೆ. ನಮ್ಮಲ್ಲಿ ಐಸಿಯು, ವೆಂಟಿಲೇಟರ್ ಇವೆ. ದ್ರವ ತುಸು ಹೆಚ್ಚಾದರೂ ನಿಭಾಯಿಸುತ್ತೇವೆ.’ ಈ ವಾದವನ್ನು ಹಾಗೇ ಬಿಡಬಾರದು. ಉಗಾಂಡ, ಕೀನ್ಯಾ, ತಾಂಜಾನಿಯಾಗಳಲ್ಲಿ 3,141 ಮಕ್ಕಳ ಮೇಲೆ ನಡೆದ ‘ಫೀಸ್ಟ್’ ಪ್ರಯೋಗದ ಫಲಿತಾಂಶ 2011ರಲ್ಲಿ ಬಂತು. ಜ್ವರದೊಂದಿಗೆ ಶಾಕ್ ಲಕ್ಷಣವಿದ್ದು ಬೋಲಸ್ (ಒಮ್ಮೆಗೇ ಬೇಗ ಹರಿಸುವ ದ್ರವ) ಪಡೆದವರಲ್ಲಿ 48 ಗಂಟೆಯೊಳಗೆ ಸತ್ತವರು ಶೇ 10.5ರ ಆಸುಪಾಸು, ಬೋಲಸ್ ಇಲ್ಲದವರಲ್ಲಿ ಶೇ 7.3. ತೀವ್ರ ಅಪೌಷ್ಟಿಕತೆಯವರನ್ನೂ ಭೇದಿಯವರನ್ನೂ ಪ್ರಯೋಗದಿಂದ ಹೊರಗಿಟ್ಟಿದ್ದರು, ಅಂದರೆ ಅಷ್ಟು ಸೊರಗದ ಮಕ್ಕಳಲ್ಲೇ ಹೀಗಾಯಿತು. ಆಗಲೂ ವೆಂಟಿಲೇಟರ್ ಪಂಡಿತರು ಆಫ್ರಿಕಾದ ಲೆಕ್ಕ ನಮಗೇಕೆ ಎಂದರು. 2013ರಲ್ಲಿ ಅದೇ ಸಂಶೋಧಕರು ಸಾವಿನ ಕಾರಣಗಳನ್ನು ಬಿಡಿಸಿ ನೋಡಿದರು. ಹೆಚ್ಚುವರಿ ಸಾವುಗಳಿಗೆ ಮುಖ್ಯ ಕಾರಣ ಶ್ವಾಸಕೋಶದಲ್ಲಿ ನೀರು ತುಂಬಿದ್ದಲ್ಲ, ರಕ್ತಪರಿಚಲನೆ ಕುಸಿದದ್ದು. ವೆಂಟಿಲೇಟರ್ ಇದ್ದ ಮಾತ್ರಕ್ಕೆ ಸರಿಹೋಗುವ ಸಂಗತಿ ಇದಲ್ಲ. 2020ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿಯೂ ಐಸಿಯು ಇರುವ ಕಡೆಗೊಂದು, ಇಲ್ಲದ ಕಡೆಗೊಂದು ಸಲಹೆ ಕೊಟ್ಟಿತು: ಐಸಿಯು ಇಲ್ಲದೆ, ಬಿಪಿಯೂ ಬೀಳದೆ ಇದ್ದರೆ ಬೋಲಸ್ ಬೇಡ. ಮೆಡಿಕಲ್ ಕಾಲೇಜಿನ ಐಸಿಯುನಲ್ಲಿ ಕಲಿತ ಪಿಜಿ ನಾಳೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೂರುತ್ತಾರೆ. ಅಲ್ಲಿ ಬೇಕಾಗುವ ವಿದ್ಯೆ ಇದೇ.

ಪಾಕೆಟ್ ಬುಕ್ಕಿನಲ್ಲಿ ಕುಂದಿಲ್ಲವೆಂದಲ್ಲ. ಅಪೌಷ್ಟಿಕತೆ ಇಲ್ಲದ ಮಗುವಿನ ಶಾಕ್‌ಗೆ 2013ರ ಆವೃತ್ತಿ 20 ಮಿಲಿಯನ್ನು ಆದಷ್ಟು ಬೇಗ ಹರಿಸಿ ಎಂದೇ ಹೇಳಿತ್ತು, ಫೀಸ್ಟ್ ಬಂದು ಎರಡು ವರ್ಷವಾಗಿದ್ದರೂ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ತಿದ್ದಿ 10ರಿಂದ 20 ಮಿಲಿ, 30ರಿಂದ 60 ನಿಮಿಷದಲ್ಲಿ ಎಂದಿತು. ಚಾರ್ಟ್ ಸೂಚಿಸುವ, ಬಾಯಿಂದ ಕೊಡುವ ರಿಸೋಮಾಲ್, ಡ್ರಿಪ್‌ಗೆ ಬೇಕಾದ ಅರ್ಧ ಸಾಂದ್ರತೆಯ ಡ್ಯಾರೋ ದ್ರವ ನಮ್ಮ ವಾರ್ಡುಗಳಲ್ಲಿ ಸುಲಭವಾಗಿ ಸಿಗವು. ಓಆರ್‌ಎಸ್‌ಗೆ ಪೊಟ್ಯಾಸಿಯಂ ಸೇರಿಸುವ ನಮ್ಮ ರೂಢಿಗೆ ಹೊಂದಿಸಿ ಓದಬೇಕು.

ಉಳಿದವುಗಳ ಮಾತು ಬೇಗ ಮುಗಿಯುತ್ತದೆ. ದೆಹಲಿಯ ಏಮ್ಸ್‌ನ ಓ.ಪಿ. ಘಾಯ್ ಆರಂಭಿಸಿದ ‘ಎಸೆನ್ಷಿಯಲ್ ಪೀಡಿಯಾಟ್ರಿಕ್ಸ್’ ಎಂಬಿಬಿಎಸ್ ಮುಗಿದೊಡನೆ ಮಾರಿಬಿಡುವ ಪುಸ್ತಕವಲ್ಲ. ಮೊದಲ ವರ್ಷದ ಓದಿಗೆ ಅದೇ ಬೆನ್ನೆಲುಬು. ಜಾನ್ಸ್ ಹಾಪ್‌ಕಿನ್ಸ್‌ನ ರೆಸಿಡೆಂಟರೇ ಸಂಪಾದಿಸುತ್ತ ಬಂದಿರುವ ‘ಹ್ಯಾರಿಯೆಟ್ ಲೇನ್ ಹ್ಯಾಂಡ್‌ಬುಕ್’ ಔಷಧದ ಡೋಸ್ ನೋಡಲು ಚೆನ್ನ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪುಕ್ಕಟೆಯಾಗಿ ಕೊಟ್ಟ ಚಿಕಿತ್ಸಾ ಮಾರ್ಗಸೂಚಿಗಳನ್ನು ಡೌನ್‌ಲೋಡ್ ಮಾಡಿ ಮರೆಯುವವರೇ ಹೆಚ್ಚು. ಎಂಸಿಕ್ಯೂ ಬ್ಯಾಂಕುಗಳು ನೀಟ್ ಎಸ್‌ಎಸ್‌ಗೆ ಸಾಕಾಗಬಹುದು, ವಾರ್ಡಿಗೆ ಸಾಲವು.

ಇನ್ನು ವೈವಾ. ‘ನೆಲ್ಸನ್‌ನಲ್ಲಿ ಏನಿದೆ?’ ಎಂದು ಕೇಳುವ ಪರೀಕ್ಷಕರು ಈ ಹುಸಿ ಪ್ರತಿಷ್ಠೆಯ ದೊಡ್ಡ ಪಾಲುದಾರರು. ಅಪರೂಪದ ಸಿಂಡ್ರೋಮ್ ಕೇಳುವ ಬದಲು, ಆ 6 ಕೆಜಿ ಮಗುವಿಗೆ 20 ನಿಮಿಷದ ಹೊತ್ತಿಗೆ ನಾಡಿ 15 ಏರಿದೆ, ಈಗೇನು ಮಾಡುತ್ತೀರಿ ಎಂದು ಕೇಳಬೇಕು. ವಿಭಾಗದ ಮುಖ್ಯಸ್ಥರು ಪಿಜಿ ಸೇರಿದ ದಿನವೇ 2016ರ ತಿದ್ದುಪಡಿ ಅಂಟಿಸಿದ ಪಾಕೆಟ್ ಬುಕ್ಕಿನ ಪ್ರತಿಯೊಂದನ್ನು ಕೈಗಿಟ್ಟು, ಒಳಪರೀಕ್ಷೆಯ ಪ್ರಶ್ನೆಗಳನ್ನು ಅದರಿಂದಲೇ ತೆಗೆಯಲಿ. ನೆಲ್ಸನ್‌ಗೆ ಸ್ಟೈಪೆಂಡ್ ದುಡ್ಡು ಸುರಿಯುವುದು ಬೇಡ, ಲೈಬ್ರರಿಯ ಪ್ರತಿ ಸಾಕು.