ಒಳಗಿನ ತೋಟಗಾರರು

ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ನಮ್ಮ ದೇಹದಲ್ಲಿ ಪ್ರತಿ ಸೆಕೆಂಡಿಗೆ 20 ಲಕ್ಷದಷ್ಟು ಕಣಗಳು ಮುಪ್ಪಾಗಿ ಮುಗಿಯುತ್ತವೆ. ಅವು ರಾಶಿ ಬೀಳದಂತೆ ನೋಡಿಕೊಳ್ಳುವುದು ಗುಲ್ಮ, ಯಕೃತ್ತುಗಳಲ್ಲೇ ನೆಲೆಸಿರುವ ಮ್ಯಾಕ್ರೋಫೇಜ್‌ಗಳೆಂಬ ಭಕ್ಷಕ ಕೋಶಗಳು. ಬದಿಯಡ್ಕದ ಕೃಷಿಕ ಬಿದ್ದ ಸೋಗೆಯನ್ನು ಅಡಕೆಮರದ ಬುಡಕ್ಕೇ ಗೊಬ್ಬರವಾಗಿಸುವಂತೆ, ಇವು ಹಳೆಯ ಕಣದ ಕಬ್ಬಿಣವನ್ನು ಹೊಸ ರಕ್ತಕ್ಕೆ ಮರಳಿಸುತ್ತವೆ.

ಮಿದುಳಿನಲ್ಲಿ ಮೈಕ್ರೋಗ್ಲಿಯಾ, ಯಕೃತ್ತಿನಲ್ಲಿ ಕುಪ್ಫರ್ ಕೋಶ: ಊರಿಗೊಂದು ಹೆಸರು, ಕೆಲಸ ಒಂದೇ. ಇವುಗಳಲ್ಲಿ ಹಲವು ನಾವು ಹುಟ್ಟುವ ಮೊದಲೇ ಅಲ್ಲಿ ಬೀಡುಬಿಟ್ಟವು.

ಇವುಗಳ ವಿವೇಕ ನನ್ನನ್ನು ಬೆರಗುಗೊಳಿಸುತ್ತದೆ. ಸಾಯುವ ಕೋಶವು ತನ್ನ ಪೊರೆಯ ಒಳಪದರದಲ್ಲಿದ್ದ ಫಾಸ್ಫಟಿಡೈಲ್‌ಸೆರೀನ್ ಎಂಬ ಕೊಬ್ಬಿನಂಶವನ್ನು ಹೊರಮೈಗೆ ತರುತ್ತದೆ. ಆ ಗುರುತು ಕಂಡ ಭಕ್ಷಕ ಕೋಶ ಅದನ್ನು ಒಡೆಯಗೊಡದೆ ಇಡಿಯಾಗಿ ನುಂಗುತ್ತದೆ. ಉರಿಯೂತ ತಣಿಸುವ ರಾಸಾಯನಿಕಗಳನ್ನೂ ಸ್ರವಿಸುತ್ತದೆ. ಈ ಶುಚಿಕಾರ್ಯ ಕುಂಟಿದರೆ ಕೊಳೆತ ಕೋಶದ ಒಳವಸ್ತುಗಳು ಸೋರಿ ದೇಹ ತನ್ನ ಮೇಲೆಯೇ ತಿರುಗಿಬೀಳಬಹುದು. ಲೂಪಸ್ ಕಾಯಿಲೆಗೆ ಇದೂ ಒಂದು ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ.

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗಳಲ್ಲಿ ಭಕ್ಷಕ ಕೋಶಗಳ ಮಹತ್ವ ಕಂಡ ಮೆಚ್ನಿಕಾಫ್ 1908ರಲ್ಲಿ ನೊಬೆಲ್ ಹಂಚಿಕೊಂಡರು. ಈ ಕೋಶಗಳೂ ಸೇರಿರುವ ರೋಗನಿರೋಧಕ ಶಕ್ತಿಯೆಂದರೆ ಯುದ್ಧವೆಂದಷ್ಟೇ ಮಕ್ಕಳಿಗೆ ಕಲಿಸುತ್ತೇವೆ. ಕಾಸರಗೋಡಿನ ಕನ್ನಡ ಶಾಲೆಗಳ ಅಧ್ಯಾಪಕರೇ, ಅದು ಆರೈಕೆಯೂ ಹೌದೆಂದು ದಯವಿಟ್ಟು ಹೇಳಿಕೊಡಿ.