ಸೂರಕ್ಕಿಯ ಕೊರಳಿನ ಬಣ್ಣ

ಗಂಡು ಸೂರಕ್ಕಿಯ ಕೊರಳು ಕಪ್ಪು ಎಂದೇ ಬಹಳ ಜನ ನಂಬಿದ್ದಾರೆ. ಅವರು ತೆಗೆದ ಫೋಟೊಗಳಲ್ಲೂ ಅದು ಕಪ್ಪಾಗಿಯೇ ಬಂದಿರುತ್ತದೆ. ಇದು ಕ್ಯಾಮೆರಾದ ದೋಷವಲ್ಲ, ನಿಂತ ಜಾಗದ್ದು. ನಮ್ಮೂರು ಧಾರೇಶ್ವರದ ಹಿತ್ತಿಲುಗಳಲ್ಲಿ ದಾಸವಾಳ, ಬಾಳೆಮೋತೆಗೆ ದಿನವಿಡೀ ಸುತ್ತುವ ಈ ಹಕ್ಕಿಯ ಹೊಟ್ಟೆ ಎತ್ತಲಿಂದ ನೋಡಿದರೂ ಹಳದಿ. ಅದು ಗರಿಯಲ್ಲೇ ಬೆರೆತ ಬಣ್ಣ. ಕೊರಳಿನ ನೇರಳೆ, ನೆತ್ತಿಯ ಹಸಿರು ಹಾಗಲ್ಲ. ಗರಿಯ ಎಳೆಗಳೊಳಗೆ ಪದರಪದರವಾಗಿ ಕೂತ ಮೆಲನಿನ್ ಕಣಗಳಿಗೆ ಬೆಳಕು ತಾಗಿ ಹಿಂದಿರುಗುವಾಗ ಹುಟ್ಟುವ ಹೊಳಪು ಅದು. ಕೋನ ತಪ್ಪಿದರೆ ಹೊಳಪು ಆರಿ ಬರೀ ಕಪ್ಪು ಉಳಿಯುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರಬೇಕು, ಹಕ್ಕಿ ನಿಮ್ಮತ್ತ ತಿರುಗಿ ಕತ್ತು ಹೊರಳಿಸಬೇಕು. ಆಗ ಕೊರಳು ಒಮ್ಮೆಲೇ ಹೊತ್ತಿಕೊಳ್ಳುತ್ತದೆ, ಮರುಕ್ಷಣ ಆರುತ್ತದೆ. ಶಟರ್ ವೇಗ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದ ಆಸುಪಾಸಿನಲ್ಲಿದ್ದರೆ ಆ ಕ್ಷಣ ಸಿಗುತ್ತದೆ.

ನಮ್ಮೂರಿನ ಬೆಳಕಿನ ಗುಣ ಇಲ್ಲಿ ಮುಖ್ಯ. ಬೆಳಗಿನ ಬಿಸಿಲು ಮೂಡಣದ ಗುಡ್ಡ ದಾಟಿ, ತೆಂಗು ಅಡಿಕೆಗಳ ನಡುವೆ ತೂರಿ ಅಂಗಳಕ್ಕಿಳಿಯುವಷ್ಟರಲ್ಲಿ ಚೂರುಚೂರಾಗಿರುತ್ತದೆ. ಹಕ್ಕಿಯ ಅರ್ಧ ಮೈ ಬಿಸಿಲಿನಲ್ಲಿ, ಅರ್ಧ ಮೈ ಕತ್ತಲೆಯಲ್ಲಿ. ಸಂಜೆ ಪಡುವಣದಲ್ಲಿ ಕಡಲು ಬಯಲಾಗಿರುವುದರಿಂದ ಇಳಿಬಿಸಿಲು ತೆಂಗಿನ ಗರಿಗಳ ಅಡಿಯಿಂದ ಅಡ್ಡಡ್ಡ ಹರಿದು ಬಂದು ಗಿಡವನ್ನಿಡೀ ಬೆಳಗುತ್ತದೆ. ಹೊಸ ದಾಸವಾಳದ ಕೊಂಬೆ ನೆಡುವವರಿಗೆ ನಾನು ಹೇಳುವುದು ಇಷ್ಟೇ: ಗಿಡದ ಪಡುವಣ ಮಗ್ಗುಲಲ್ಲಿ ನೀವು ನಿಲ್ಲಲು ನಾಲ್ಕು ಮಾರು ಜಾಗ ಬಿಡಿ. ದುಬಾರಿ ಲೆನ್ಸಿಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಹಿತ್ತಿಲಿನ ಹಕ್ಕಿಯ ಫೋಟೊಗೆ ಮೊದಲ ಸಲಕರಣೆ ಹಿತ್ತಿಲೇ.

ಅದರಲ್ಲೂ ಬಚ್ಚಲ ನೀರು ಹರಿದು ಬಾಳೆಬುಡ ಸೇರುವ ಮೂಲೆ. ಹೆಚ್ಚಿನವರು ಕ್ಯಾಮೆರಾ ಹಿಡಿದು ಗುಡ್ಡ ಹತ್ತುತ್ತಾರೆ. ಈ ಮೂಲೆಗೆ ಮುಖ ಹಾಕುವುದಿಲ್ಲ. ಬೇಸಿಗೆಯಲ್ಲಿ ಸುತ್ತಲಿನ ನೆಲ ಕಾದಾಗ ಅಲ್ಲಿ ಮಾತ್ರ ಮಣ್ಣು ಹಸಿ, ಹುಳುಹುಪ್ಪಟೆ ಹೇರಳ. ಮಡಿವಾಳ ಹಕ್ಕಿ ಬಾಲ ಎತ್ತಿ ಕುಪ್ಪಳಿಸುತ್ತದೆ. ಪಿಕಳಾರಗಳು ಜೋಡಿಯಾಗಿ ಇಳಿದು ಮೀಯುತ್ತವೆ. ಅದೃಷ್ಟವಿದ್ದರೆ ನೆಲಸಿಳ್ಳಾರ: ಕಿತ್ತಳೆ ಬಣ್ಣದ ತಲೆ, ಬಿಳಿ ಕೆನ್ನೆಯ ಮೇಲೆ ಎರಡು ಕಪ್ಪು ಪಟ್ಟೆ. ದರಕಿನ ಒಂದು ಎಲೆಯನ್ನು ಕೊಕ್ಕಿನಲ್ಲಿ ಹಿಡಿದು ಪಕ್ಕಕ್ಕೆಸೆದು, ತುಸು ತಡೆದು, ಕೆಳಗೇನಿದೆ ಎಂದು ನೋಡುತ್ತದೆ. ಆ ತಡೆದ ಗಳಿಗೆಯೇ ನಿಮ್ಮದು. ನೆರಳು ದಟ್ಟವಾದ್ದರಿಂದ ಐಎಸ್ಒ ಏರಿಸಿ, ಕಾಳು ಕಾಣಿಸಿಕೊಂಡರೂ ಚಿಂತೆಯಿಲ್ಲ, ಫ್ಲ್ಯಾಶ್ ಬೇಡ. ಮಳೆಗಾಲ ಹಿಂದೆ ಸರಿದ ಮೇಲೆ ಬರುವ ನವರಂಗವೂ ಇಂಥದೇ ನೆಲದ ಹಕ್ಕಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಎರಡೆಳೆಯ ಸಿಳ್ಳೆ ಕೇಳಿದರೆ ಅದು ನಿಮ್ಮ ತೋಟದಲ್ಲೇ ಇದೆ ಎಂದು ತಿಳಿಯಿರಿ. ದರಕನ್ನೆಲ್ಲ ಗುಡಿಸಿ ಬೆಂಕಿ ಹಚ್ಚುವ ಹಿತ್ತಿಲಿನಲ್ಲಿ ಅದಕ್ಕೆ ಮೇವಿಲ್ಲ. ಒಂದು ಮೂಲೆಯನ್ನಾದರೂ ಹಾಗೇ ಬಿಡಿ.

ಕಲಿಯುವವರು ಹಕ್ಕಿಗಿಂತ ಮೊದಲು ಮನೆಯ ಪ್ರಾಣಿಗಳಿಂದ ಶುರು ಮಾಡುವುದು ಒಳ್ಳೆಯದು. ಕೊಟ್ಟಿಗೆಯ ಕರು, ಜಗಲಿಯ ನಾಯಿ, ಅಡುಗೆಮನೆ ಬಾಗಿಲ ಬೆಕ್ಕು ನಿಮ್ಮನ್ನು ಹತ್ತಿರ ಬಿಟ್ಟುಕೊಳ್ಳುತ್ತವೆ, ಎಷ್ಟು ಸಲ ಕ್ಲಿಕ್ಕಿಸಿದರೂ ಹಾರಿಹೋಗುವುದಿಲ್ಲ. ನಿಂತು ಮೇಲಿನಿಂದ ತೆಗೆದ ಕರುವಿನ ಚಿತ್ರದಲ್ಲಿ ಬೆನ್ನು, ಕಿವಿ ಮಾತ್ರ. ಮೊಣಕಾಲೂರಿ ಅದರ ಕಣ್ಣಿನ ಮಟ್ಟಕ್ಕಿಳಿದರೆ ಅದೇ ಕರು ನಿಮ್ಮನ್ನು ನೋಡುತ್ತಿರುತ್ತದೆ. ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆ ಇದ್ದರೆ ಚಿತ್ರಕ್ಕೆ ಜೀವ. ಬೆಳಕಿನ ಲೆಕ್ಕವನ್ನೂ ಇವುಗಳೇ ಕಲಿಸುತ್ತವೆ. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ನಡುಬೂದು ಎಂದೇ ಎಣಿಸುತ್ತದೆ. ಹಾಗಾಗಿ ಚೌಕಟ್ಟು ತುಂಬ ಕರಿನಾಯಿ ಇದ್ದರೆ ಅದನ್ನು ಬೂದಿಯ ಬಣ್ಣಕ್ಕೆ ತರುತ್ತದೆ, ಬಿಳಿ ದನವನ್ನು ಮಾಸಲು ಮಾಡುತ್ತದೆ. ಕಪ್ಪಿಗೆ ಒಂದು ಸ್ಟಾಪ್ ಇಳಿಸಬೇಕು, ಬಿಳಿಗೆ ಏರಿಸಬೇಕು. ಆದರೆ ಅಡಿಕೆ ತೋಟದ ಕಪ್ಪು ನೆರಳಿನ ಮುಂದೆ ಒಂಟಿ ಬೆಳ್ಳಕ್ಕಿ ಚಿಕ್ಕದಾಗಿ ನಿಂತಿದ್ದರೆ ಲೆಕ್ಕ ತಿರುಗುಮುರುಗು. ಮೀಟರ್ ನೆರಳನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಬೆಳ್ಳಕ್ಕಿಯ ಗರಿಗೆರೆಗಳೆಲ್ಲ ಅಳಿಸಿಹೋಗುತ್ತವೆ. ಅಲ್ಲಿ ಇಳಿಸಲೇಬೇಕು.

ಪಂಜರದ ಗಿಳಿಯನ್ನು ಸಾಕುಪ್ರಾಣಿಯ ಲೆಕ್ಕಕ್ಕೆ ನಾನು ಸೇರಿಸುವುದಿಲ್ಲ. ನಮ್ಮ ನಾಡಿನ ಗಿಳಿ, ಮುನಿಯಗಳನ್ನು ಕೂಡಿಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಂಬಿಯ ಹಿಂದಿನ ಹಕ್ಕಿಯ ಚಿತ್ರ ತೆಗೆದು ಮೆಚ್ಚುಗೆ ಗಳಿಸುವುದು ಆ ಕೂಡಿಹಾಕುವಿಕೆಗೆ ಒತ್ತಾಸೆ ಕೊಟ್ಟಂತೆ. ಗೂಡಿನ ವಿಷಯದಲ್ಲೂ ನನ್ನದು ಕಟ್ಟುನಿಟ್ಟು. ಸೂರಕ್ಕಿ ಜೇಡರ ಬಲೆಯಿಂದ ಹೊಸೆದು, ತೊಗಟೆಚೂರು, ಒಣಗಿದ ಎಲೆ ಅಂಟಿಸಿ ಕಟ್ಟುವ ಜೋಲುಗೂಡು ಎಷ್ಟೋ ಸಲ ಮಾಡಿನಂಚಿನಲ್ಲೇ, ಕೈಗೆಟುಕುವಂತಿರುತ್ತದೆ. ಚಿತ್ರ ಚೆನ್ನಾಗಿ ಬರಲೆಂದು ಅಡ್ಡದ ಎರಡು ಎಲೆ ಚಿವುಟಿದರೆ ಸಾಕು, ಕಾಗೆಗೂ ಕೆಂಬೂತಕ್ಕೂ ದಾರಿ ತೋರಿಸಿದಂತಾಯಿತು. ಮರಿಗಳು ಹಾರಿಹೋಗುವವರೆಗೆ ಆ ಕಡೆ ಕ್ಯಾಮೆರಾ ಒಯ್ಯಬೇಡಿ.

ಕರಾವಳಿಯಲ್ಲಿ ಲೆನ್ಸಿನ ಶತ್ರು ಬೂಷ್ಟು. ಮಳೆಗಾಲದಲ್ಲಿ ಬಟ್ಟೆಯ ಚೀಲದಲ್ಲಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಇನ್ನು ಈ ಚಿತ್ರಗಳನ್ನು ಏನು ಮಾಡುವುದು? ದಾಖಲೆಯಾಗಿ ಉಳಿಸುವುದು. ಆಗಿನ ಕೆನರಾ ಜಿಲ್ಲೆಯಲ್ಲಿ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್ ಇಲ್ಲಿನ ಹಕ್ಕಿಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1898ರಲ್ಲಿ ಬರೆದರು. ಆ ಕಾಲದ ಪಕ್ಷಿಶಾಸ್ತ್ರ ನಿಂತದ್ದು ಕೋವಿಯ ಮೇಲೆ, ಮೊಟ್ಟೆ ಸಂಗ್ರಹದ ಮೇಲೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತ ಕ್ಯಾಮೆರಾ ಹಿಡಿದು ಕೂತು, ಕನ್ನಡ ಓದುಗರಿಗೆ ಹಕ್ಕಿಗಳನ್ನು ಹೆಸರು ಹಿಡಿದು ಪರಿಚಯಿಸಿದರು. ಅವರಂಥ ತಾಳ್ಮೆ ಎಲ್ಲರಿಗೂ ಇರದು. ಆದರೆ ಒಂದೇ ಹಿತ್ತಿಲನ್ನು ವರ್ಷಪೂರ್ತಿ ನೋಡುವ ಅವಕಾಶ ನಮಗಿದೆ, ಸಫಾರಿಗೆ ಹೋಗಿ ಬರುವವರಿಗೆ ಇಲ್ಲ. ಆದ್ದರಿಂದ ಪ್ರತಿ ಚಿತ್ರದ ಜೊತೆ ತಾರೀಕು, ಹೊತ್ತು, ಯಾವ ಗಿಡ, ಏನು ತಿನ್ನುತ್ತಿತ್ತು ಎಂಬುದನ್ನು ಬರೆದಿಡಿ. ಮಸುಕಾದ ಚಿತ್ರವನ್ನೂ ಅಳಿಸಬೇಡಿ, ಹಕ್ಕಿ ಗುರುತಿಸಲು ಅದೇ ಸಾಕಾಗಬಹುದು. 1998ರಲ್ಲಿ ಅಮೆರಿಕದಲ್ಲಿ ಶುರುವಾಗಿ 2013ರಿಂದ ಭಾರತದಲ್ಲೂ ನಡೆಯುತ್ತಿರುವ ಹಿತ್ತಿಲ ಹಕ್ಕಿಗಳ ಎಣಿಕೆ ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಇರುತ್ತದೆ. ಒಂದು ಕಡೆ ಕನಿಷ್ಠ 15 ನಿಮಿಷ ಕೂತು ಕಂಡದ್ದನ್ನು, ಕೇಳಿದ್ದನ್ನು ಬರೆದು ಕಳಿಸಿದರಾಯಿತು. ಅದಕ್ಕೆ ಬಚ್ಚಲ ಹಿಂದಿನ ಮೂಲೆ ಧಾರಾಳ ಸಾಕು.